ಹದಿನೇಳನೇ ತೂಬು

ಹೊನ್ನಾಳಿಯ ಕಣ್ಣಿನ ಶಿಬಿರದ ಪಟ್ಟಿಯಲ್ಲಿ ನಲವತ್ತೊಂದನೆಯ ಹೆಸರು ಗೋಣೆಪ್ಪನದು. ಊರು ಸವಳಂಗ, ವಯಸ್ಸು ಐವತ್ನಾಲ್ಕು. ಹೆಸರು ಬರೆದುಕೊಂಡವರು ಬೇರೆಯವರ ತೊಂದರೆಗಳನ್ನೆಲ್ಲ ‘ಮಂಜು’, ‘ನೀರು ಸುರಿಯುತ್ತದೆ’ ಎಂದು ಒಂದೊಂದು ಮಾತಿನಲ್ಲಿ ಮುಗಿಸಿದ್ದರು. ಇವನ ಮುಂದೆ ಮಾತ್ರ ಎರಡು ಸಾಲು ಬರೆದಿದ್ದರು: ‘ಎಡಗೈಗೆ ಲಕ್ವ ಹೊಡೆದಿದೆ. ಮೊಬೈಲಿನಲ್ಲಿ ಆಟ ಆಡುವಾಗ ಕಣ್ಣು ಮೋಸ ಮಾಡುತ್ತಿದೆ ಎನ್ನುತ್ತಾರೆ.’ ಚನ್ನಗಿರಿಯಲ್ಲಿ ವ್ಯಾನು ಹೊರಟಾಗ ಮುತ್ತುರಾಜ್ ಆ ಹಾಳೆಯನ್ನು ಓದಿ ಮಡಿಸಿ ಜೇಬಿಗಿಟ್ಟಿದ್ದ. ನಾಲೆಯ ಸೇತುವೆ ದಾಟುವಾಗ ಮತ್ತೊಮ್ಮೆ ತೆಗೆದು ಓದಿದ. ಸವಳಂಗದಲ್ಲಿ ಎಡಗೈ ಬಿದ್ದುಹೋದ ಗೋಣೆಪ್ಪಂದಿರು ಇಬ್ಬರಿರಲಿ ಎಂದು ಅವನು ಬಯಸಿದ, ಮರುಕ್ಷಣವೇ ಒಬ್ಬ ಅಪರಿಚಿತನಿಗೆ ಲಕ್ವ ಬಯಸಿದ್ದಕ್ಕೆ ನಾಚಿದ. ಪಕ್ಕದಲ್ಲಿ ಕನ್ನಡಕದ ಫ್ರೇಮುಗಳ ಟ್ರೇಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಶಾಂತಾದೇವಿ, ಹನ್ನೊಂದು ವರ್ಷಗಳಿಂದ ಅವನು ಕೆಲಸಕ್ಕಿರುವ ಅಂಗಡಿಯ ಒಡತಿ, ಅವನ ಮುಖವನ್ನೇ ನೋಡಿ, “ಏನಪ್ಪಾ, ಪರೀಕ್ಷೆ ನೀನು ಮಾಡೋದೋ, ನಿನಗೇ ಮಾಡ್ತಾರೋ? ಮುಖ ಹಂಗ್ಯಾಕೈತೆ?” ಎಂದರು. ಅವನು ನಕ್ಕ. ಹೊನ್ನಾಳಿ ಇನ್ನೂ ಹದಿನೆಂಟು ಕಿಲೋಮೀಟರ್ ಇತ್ತು.

ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಕಣ್ಣಿನ ಮುಂದೆ ಗಾಜು ಬದಲಿಸುತ್ತ ‘ಇದು ಚೆನ್ನಾಗಿದೆಯೋ, ಇದೋ’ ಎಂದು ದಿನವಿಡೀ ಕೇಳುವ ಈ ಮೂವತ್ತಾರರ ಗಂಡಸೇ ‘ಯಾರೂ ಆಡದ ಆಟಗಳು’ ಎಂಬ ಚಾನೆಲಿನ ಧ್ವನಿಯೆಂದು ಅವನ ಹೆಂಡತಿಗೂ ಪೂರ್ತಿ ಗೊತ್ತಿರಲಿಲ್ಲ. ವಾರಕ್ಕೊಂದು ವಿಡಿಯೋ ಗೇಮ್ ಆರಿಸುತ್ತಿದ್ದ. ದೊಡ್ಡ ಕಂಪನಿಗಳವು ಅವನಿಗೆ ಬೇಕಿರಲಿಲ್ಲ. ಎಲ್ಲೋ ದೂರದ ದೇಶದ ಸಣ್ಣ ಊರಿನಲ್ಲಿ ಒಬ್ಬನೇ ಕೂತು ನಾಲ್ಕು ವರ್ಷ ತೇದು ಮಾಡಿದ, ಕೊನೆಗೆ ಇನ್ನೂರು ಜನವೂ ಆಡದೆ ಬಿದ್ದುಹೋದ ಆಟಗಳನ್ನು ಹುಡುಕಿ ತೆಗೆದು, ಅವುಗಳ ಬಗ್ಗೆ ಆರೇಳು ನಿಮಿಷ ಮಾತಾಡಿ ಹಾಕುತ್ತಿದ್ದ. ಮಾತಿನಲ್ಲಿ ಅವಸರವಿರುತ್ತಿರಲಿಲ್ಲ. ಜಗಳೂರಿನಿಂದ, ನ್ಯಾಮತಿಯಿಂದ, ಹೆಸರೇ ಕೇಳದ ಊರುಗಳಿಂದ ಸಾವಿರದ ಚಿಲ್ಲರೆ ಮಂದಿ ಕೇಳುತ್ತಿದ್ದರು. ‘ಸಾರ್, ನನಗೆ ಯಾವುದು ಸರಿಹೋದೀತು’ ಎಂದು ಬರೆಯುತ್ತಿದ್ದರು. ಷಡ್ಡಕನ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯ ನಡುವೆ ಫೋನು ತೆಗೆದಾಗ ಹೆಂಡತಿಯ ಅಣ್ಣ ಎಲ್ಲರಿಗೂ ಕೇಳುವಂತೆ, “ನಮ್ಮ ಭಾವನೋರಿಗೆ ಇನ್ನೂ ಆಟ ಬಿಟ್ಟಿಲ್ಲ ಕಣ್ರೋ, ಹಾಲಿನ ಬಾಟ್ಲು ಕೊಡ್ರಿ” ಎಂದಿದ್ದ. ಎಲೆಗಳ ಮೇಲೆ ಬಾಗಿದ್ದ ಇಪ್ಪತ್ತು ಮುಖಗಳು ಒಟ್ಟಿಗೆ ನಕ್ಕಿದ್ದವು. ಅವತ್ತು ಸಂಜೆಯೇ ಗೋಣೆಪ್ಪನ ಮೊದಲ ಧ್ವನಿಸಂದೇಶ ಬಂದದ್ದು. ಕೈ ತೊಳೆದರೂ ಹೋಗದ ಆ ನಗುವನ್ನು ಹೊತ್ತುಕೊಂಡೇ ಅವನು ಅದನ್ನು ಕೇಳಿದ್ದ.

“ನಮಸ್ಕಾರ ರೀ ಸಾರ್. ನಾನು ಕಟಾವು ಮೆಷಿನ್ ಡ್ರೈವರ್. ಇಪ್ಪತ್ತೆರಡು ವರ್ಷ ಭತ್ತ, ಮೆಕ್ಕೆಜೋಳ ಎಲ್ಲಾ ಕೊಯ್ದೀನಿ. ಹೋದ ವರ್ಷ ಲಕ್ವ ಹೊಡೀತು, ಎಡಗೈ ಹೋತು. ಮನ್ಯಾಗೆ ಕುಂತು ಕುಂತು ಹುಚ್ಚು ಹಿಡಿಯಂಗೈತೆ. ಮಗಳು ನಿಮ್ಮ ಚಾನೆಲ್ ಹಾಕ್ಕೊಟ್ಲು. ಒಂದೇ ಕೈಯಾಗೆ ಆಡೋವಂಥ ಆಟ ಯಾವುದಾದ್ರೂ ಐತೇನ್ರಿ? ಕೊನೀವರ್ಗೂ ಆಡಂಗಿರ್ಬೇಕು. ಅರ್ಧಕ್ಕೆ ಬಿಡೋದು ನಂಗಾಗಲ್ಲ.” ಧ್ವನಿ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಅಭ್ಯಾಸವಾದದ್ದು, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಇಂಥ ಪ್ರಶ್ನೆಯನ್ನು ಮುತ್ತುರಾಜ್‌ಗೆ ಯಾರೂ ಕೇಳಿರಲಿಲ್ಲ. ಎರಡೇ ದಿನದಲ್ಲಿ ಅವನು ‘ಒಂದೇ ಕೈಗೆ ಇಪ್ಪತ್ತಾರು ಆಟ’ ಎಂಬ ಪಟ್ಟಿ ಮಾಡಿ ಹಾಕಿದ. ಅದು ಅವನ ಎಲ್ಲ ಮಾತುಗಳಿಗಿಂತ ಹೆಚ್ಚು ಮಂದಿಯ ಫೋನಿಗೆ ಹೋಯಿತು. ಪಟ್ಟಿಯ ತಲೆಯಲ್ಲಿ ಅವನು ತಾನೇ ‘ನೀರುಗಂಟಿ’ ಎಂದು ಕನ್ನಡದ ಹೆಸರಿಟ್ಟ ಆಟವಿತ್ತು. ಅದರ ಮುಂದೆ ಬರೆದಿದ್ದ: ‘ಕೊನೆಯವರೆಗೂ ಒಂದೇ ಕೈ ಸಾಕು.’

ಮುದುಕನೊಬ್ಬ ಒಣಗಿದ ಕಾಲುವೆಯುದ್ದಕ್ಕೂ ನಡೆಯುತ್ತಾನೆ. ಹದಿನೇಳು ತೂಬುಗಳಿವೆ. ಒಂದೊಂದನ್ನೂ ತೆರೆದರೆ ನೀರು ಅಷ್ಟಷ್ಟೇ ಮುಂದೆ ಬರುತ್ತದೆ, ಗದ್ದೆಗಳು ಬಣ್ಣ ಬದಲಿಸುತ್ತವೆ, ಎಲ್ಲಿಂದಲೋ ಕೊಕ್ಕರೆಗಳು ಬಂದಿಳಿಯುತ್ತವೆ. ಹಲಗೆ ಎತ್ತಲು ಬೆರಳನ್ನು ಮೇಲಕ್ಕೆ ಎಳೆದರೆ ಸಾಕು. ಯಾವ ಹಲಗೆಯನ್ನು ಯಾವಾಗ, ಎಷ್ಟು ಎತ್ತಬೇಕೆನ್ನುವುದರಲ್ಲಿದೆ ಲೆಕ್ಕವೆಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯೊಂದರ ವರಾಂಡದಲ್ಲಿ ಅತ್ತೆಯ ವರದಿಗಳಿಗಾಗಿ ಕಾಯುತ್ತ ಮುತ್ತುರಾಜ್ ಅದನ್ನು ಆಡಿ ಮುಗಿಸಿದ್ದ. ಪಟ್ಟಿ ಬರೆಯುವಾಗ ಅವನಿಗೆ ನೆನಪಾದದ್ದು ನೀರು, ನೀರಿನ ಸದ್ದು, ಮುದುಕನ ಬಾಗಿದ ಬೆನ್ನು. ತನ್ನ ಕೈಗಳು ನೆನಪಾಗಲಿಲ್ಲ. ಎರಡು ಕೈಯಿರುವವನಿಗೆ ಕೈಗಳು ನೆನಪಿರುವುದಿಲ್ಲ ಎಂಬುದು ಆಮೇಲೆ ಹೊಳೆದು, ಆ ಹೊಳಹಿನ ಚೆಂದಕ್ಕೆ ತಾನೇ ಒಂದು ಗಳಿಗೆ ಸಮಾಧಾನಪಟ್ಟುಕೊಂಡಿದ್ದ. ಅದೂ ಈಗ ಮುಳ್ಳಿನಂತೆ ಕೂತಿತ್ತು.

ಗೋಣೆಪ್ಪ ದಿನಕ್ಕೊಂದು ಧ್ವನಿ ಕಳಿಸುತ್ತಿದ್ದ. “ಐದನೇ ತೂಬು ಆತು ಸಾರ್. ಮೇಲಿನ ಗದ್ದೆಯೋನು ನೀರು ಕದೀತಾನಲ್ಲ, ಥೇಟ್ ನಮ್ಮ ಕಡೆಯೋರಂಗೇ!” “ಹತ್ತನೇದು ಆತು. ನಮ್ಮನಿಯಾಕಿ ಹುಲಿಗೆಮ್ಮ ಉಪ್ಪಿಟ್ಟು ತಳ ಹಿಡಿಸಿದ್ಲು, ನನ್ನ ಆಟ ನೋಡ್ಕೋತ ನಿಂತು.” ಹದಿನಾರರ ದಿನ ಅವನು ಬರೀ ನಕ್ಕಿದ್ದ, ಅರ್ಧ ನಿಮಿಷ. ನಡುನಡುವೆ ಬೇರೆ ಸುದ್ದಿಯೂ ಇರುತ್ತಿತ್ತು: ಊರಿನ ಮೂರು ಹುಡುಗರು ಮೆಷಿನ್ ಕಲಿಯಬೇಕೆಂದಿದ್ದಾರೆ, ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿಕೊಟ್ಟರೂ ಸಾಕಂತೆ, ಕಟಾವಿನ ಹಂಗಾಮಿಗೆ ಮೊದಲು ಶುರು ಮಾಡಬೇಕು. ಆಮೇಲೆ, ಇಂದಿಗೆ ಮೂರು ವಾರದ ಹಿಂದೆ, “ಹದಿನೇಳನೇದು ಬರ್ತಿಲ್ಲ ಸಾರ್” ಎಂಬ ಮಾತು ಬಂತು. ಮುತ್ತುರಾಜ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಟ ತೆರೆದ. ಹದಿನೇಳನೇ ತೂಬಿಗೆ ಎರಡು ಸರಪಳಿ, ಪರದೆಯ ಈ ತುದಿಗೊಂದು ಆ ತುದಿಗೊಂದು. ಎರಡನ್ನೂ ಒತ್ತಿ ಹಿಡಿದು, ಬಿಡದೆ, ಇಡೀ ಫೋನನ್ನು ಮೊರದಂತೆ ಮೆಲ್ಲಗೆ ತನ್ನತ್ತ ಓರೆ ಮಾಡಬೇಕು. ಒಂದು ಬೆರಳು ಸಡಿಲವಾದರೂ ಹಲಗೆ ದಢಾರನೆ ಬೀಳುತ್ತದೆ. ಫೋನನ್ನು ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳು ಒಂದೇ ಸರಪಳಿಗೆ ಮುಟ್ಟುತ್ತದೆ. ಮೇಜಿನ ಮೇಲಿಟ್ಟರೆ ಬೆರಳುಗಳೇನೋ ಎರಡಕ್ಕೂ ಮುಟ್ಟುತ್ತವೆ, ಫೋನು ಓರೆಯಾಗುವುದಿಲ್ಲ. ನಾಲ್ಕು ಸಲ ನೋಡಿದ. ಐದನೆಯ ಸಲ, ತನಗೇ ಗೊತ್ತಾಗದಂತೆ, ಎಡಗೈ ಬಂದು ಫೋನಿನ ಇನ್ನೊಂದು ತುದಿಯನ್ನು ಹಿಡಿಯಿತು, ನೀರು ಹರಿಯಿತು.

‘ನಾನು ತಪ್ಪು ಹೇಳಿದೆ’ ಎಂದು ಬರೆಯಲು ಅಷ್ಟೇನೂ ಹೊತ್ತು ಬೇಕಿರಲಿಲ್ಲ. ಬರೆದಿದ್ದ ಕೂಡ. ಆದರೆ ಪಟ್ಟಿಯನ್ನು ಹಂಚಿದ ಆರುನೂರು ಮಂದಿ ಕಣ್ಣ ಮುಂದೆ ಬಂದರು, ಅವರ ಹಿಂದೆ ಪಂಕ್ತಿಯ ಇಪ್ಪತ್ತು ಮುಖಗಳು. ಚಾನೆಲಿಗೆ ಅವನೇ ಮಾಡಿದ ನಿಯಮವೊಂದಿತ್ತು: ಸಿಕ್ಕಿಬಿದ್ದವರಿಗೆ ಯಾರೂ ಬಿಡಿಸಿ ಹೇಳಬಾರದು, ಆಟದ ಗುಟ್ಟು ಆಡುವವನದೇ. ಅವನು ಬರೆದದ್ದನ್ನು ಅಳಿಸಿ, ಆ ನಿಯಮದ ಹಿಂದೆ ನಿಂತು, ‘ತಾಳ್ಮೆಯಿಂದ ನೋಡಿ, ಬಂದೇ ಬರುತ್ತದೆ’ ಎಂದು ಕಳಿಸಿದ. ಗೋಣೆಪ್ಪ ತಾಳ್ಮೆಯಿಂದ ನೋಡಿದ. ತೊಡೆಯ ಮೇಲಿಟ್ಟು ನೋಡಿದ, ಓರೆ ಮಾಡುವಷ್ಟರಲ್ಲಿ ಫೋನೇ ಜಾರಿತು; ಗಲ್ಲದಿಂದ ಒತ್ತಿ ನೋಡಿದ. ಹೋದ ಶುಕ್ರವಾರದ ಸಂದೇಶದಲ್ಲಿ ಮಾತ್ರ ಆ ಕೂಗುವ ಧ್ವನಿ ಇರಲಿಲ್ಲ. “ಸಾರ್, ಒಂದ್ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ. ಕೈ ಹೋದಾಗ ನಂಗೇನೂ ಅನ್ನಿಸಲಿಲ್ಲ. ತಲೆ ಐತಲ್ಲ ಅಂದ್ಕೊಂಡೆ. ಈಗ ತಲೇನೂ ಹೋಗೈತೆ ಅಂತ ಗೊತ್ತಾತು. ಒಂದೇ ಕೈಗೆ ಬರೋ ಕೆಲಸ ಒಂದು ಕೈ ಇದ್ದೂ ನಂಗ್ಯಾಕೆ ಬರ್ವಲ್ದು? ಆ ಹುಡುಗ್ರಿಗೆ ಬ್ಯಾಡ ಅಂದ್ಬಿಟ್ಟೆ. ನಾಳೆ ಒಂದು ಹೇಳಾಕೆ ಹೋಗಿ ಒಂದು ಹೇಳಿ, ಯಾರ್ದಾದ್ರೂ ಕೈ ಮೆಷಿನ್‌ಗೆ ಕೊಟ್ಟುಬಿಟ್ರೆ? ಮಗಳು ಮಾತ್ರ ಕಣ್ಣೇನೋ ಮಂಜಾಗಿರ್ಬೇಕು ಅಂತಾಳೆ. ಹೊನ್ನಾಳಿಗೆ ಚನ್ನಗಿರಿಯೋರು ಕ್ಯಾಂಪ್ ಹಾಕ್ತಾರಂತೆ. ತೋರಿಸ್ತೀನಿ.”

ಸಮುದಾಯ ಭವನದ ಮುಂದೆ ಚಪ್ಪಲಿಗಳ ರಾಶಿ ಆಗಲೇ ಬೆಳೆದಿತ್ತು. ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿ, ಗಾಜುಗಳ ಪೆಟ್ಟಿಗೆ ಬಿಚ್ಚಿ, ಮುತ್ತುರಾಜ್ ಒಂದನೆಯ ಹೆಸರು ಕರೆದ. ಎಂಟನೆಯದಕ್ಕೆ ಬರುವಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆಯಿತು; ಅದು ಎಷ್ಟು ಸಲೀಸಾಗಿತ್ತೆಂದರೆ, ಕೈಯಲ್ಲಿದ್ದ ಗಾಜು ಜಾರಿತು. ಐವತ್ತು ದಾಟಿದವನ ಕಣ್ಣಿನಲ್ಲಿ ಏನಾದರೊಂದು ಇದ್ದೇ ಇರುತ್ತದೆ. ‘ನಿಮ್ಮ ಕಣ್ಣಿನದೇ ತೊಂದರೆ’ ಎಂದರೆ ಆಯಿತು. ಗೋಣೆಪ್ಪನ ತಲೆ ಉಳಿಯುತ್ತದೆ, ಹುಡುಗರು ಮೆಷಿನ್ ಕಲಿಯುತ್ತಾರೆ, ಪಟ್ಟಿ ಪಟ್ಟಿಯಾಗಿಯೇ ಇರುತ್ತದೆ. ಮತ್ತೆ, ಹೊಸ ಕನ್ನಡಕ ಹಾಕಿಕೊಂಡು ಅವನು ಹದಿನೇಳನೇ ತೂಬಿನ ಮುಂದೆ ಕೂರುತ್ತಾನೆ. ಮತ್ತೆ ಹಲಗೆ ಬೀಳುತ್ತದೆ. ಆಗ ಕಣ್ಣೂ ಇರುವುದಿಲ್ಲ ನೆಪಕ್ಕೆ. ಮುತ್ತುರಾಜ್ ಈ ಕೊನೆಯ ಭಾಗವನ್ನು ಯೋಚಿಸದೆ ಬಿಡಲು ಹನ್ನೊಂದನೆಯವರಿಂದ ಇಪ್ಪತ್ತೆಂಟನೆಯವರವರೆಗೆ ಹೆಣಗಿದ. ಮೂವತ್ತರ ಹೊತ್ತಿಗೆ ಇನ್ನೊಂದು ಭಯ ಬಂತು. ಗೋಣೆಪ್ಪ ತನ್ನ ಮುಖ ನೋಡಿದವನಲ್ಲ, ಮೂರು ತಿಂಗಳು ತನ್ನ ಧ್ವನಿ ಕೇಳಿದವನು; ಬಾಯಿ ಬಿಟ್ಟರೆ ಗುರುತು ಹಿಡಿಯುತ್ತಾನೆ. ಮೂವತ್ತೊಂಬತ್ತಕ್ಕೆ ಮುತ್ತುರಾಜ್ ಗಂಟಲು ಹಿಡಿದುಕೊಂಡು, ಮಾತು ಬರುತ್ತಿಲ್ಲವೆಂದು ಶಾಂತಾದೇವಿಗೆ ಸನ್ನೆ ಮಾಡಿದ.

“ಬೆಳಿಗ್ಗೆ ವ್ಯಾನ್‌ನಾಗೆ ಚೆನ್ನಾಗೇ ಇತ್ತಲ್ಲೋ ಗಂಟಲು?” ಎಂದರು ಅವರು. “ಸರಿ, ನಾನೇ ಕೇಳ್ತೀನಿ. ನೀನು ಗಾಜು ಹಾಕ್ತಾ ಹೋಗು. ನಲವತ್ತೊಂದು! ಗೋಣೆಪ್ಪ!”

ಬಂದವನು ಮುತ್ತುರಾಜ್ ಊಹಿಸಿಕೊಂಡಿದ್ದಕ್ಕಿಂತ ಕುಳ್ಳ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡ ತೋಳಿನ ಗುಂಡಿ ಹಾಕಿದ್ದು ಬೇರೆ ಯಾರೋ. ಹಿಂದೆ ಮಗಳು ಮಾಲಾ, ಇಪ್ಪತ್ತೆರಡರ ಆಸುಪಾಸು, ಕಾಲೇಜಿನ ಚೀಲ ಹೆಗಲಲ್ಲಿ. ಗೋಣೆಪ್ಪ ಕುರ್ಚಿಯಲ್ಲಿ ಕೂತು, ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ, ಬೇರೆಯವರ ಮಗುವನ್ನು ಮಲಗಿಸುವಷ್ಟು ಎಚ್ಚರದಿಂದ ತೊಡೆಯ ಮೇಲಿಟ್ಟುಕೊಂಡ. ಮುತ್ತುರಾಜ್ ಅವನ ಮೂಗಿನ ಮೇಲೆ ಗಾಜು ಸಿಕ್ಕಿಸುವ ದುಂಡನೆಯ ಚೌಕಟ್ಟನ್ನು ಕೂರಿಸಿದ. ಅವನ ಉಸಿರು ಮುತ್ತುರಾಜ್‌ನ ಮುಂಗೈಗೆ ತಾಗಿತು.

“ಎಲ್ಲಿಗಂಟ ಕಾಣ್ತೈತೆ, ಓದ್ರಿ,” ಎಂದರು ಶಾಂತಾದೇವಿ.

ಗೋಣೆಪ್ಪ ಓದಿದ. ಮೇಲಿನಿಂದ ಕೆಳಕ್ಕೆ, ಒಂದೇ ಉಸಿರಿಗೆ, ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳವರೆಗೆ. ಹತ್ತಿರದ ಚೀಟಿಗೆ ಮಾತ್ರ ಸಾಧಾರಣ ನಂಬರಿನ ಗಾಜು ಬೇಕಾಯಿತು. ಆ ವಯಸ್ಸಿಗೆ ಎಲ್ಲರಿಗೂ ಬೇಕಾಗುವಷ್ಟೇ.

“ಬ್ಯಾಟ್ರಿ ಇದ್ದಂಗೈತಲ್ರೀ ಕಣ್ಣು!” ಎಂದರು ಶಾಂತಾದೇವಿ.

ಗೋಣೆಪ್ಪ ನಗಲಿಲ್ಲ. “ಇನ್ನೊಂದ್ ಸಲ ನೋಡ್ರಿ ಅಮ್ಮಾರೆ. ಒಳಗೇನಾದ್ರೂ ಇರ್ಬೋದು. ಪೊರೆ ಗಿರೆ.”

“ಇಲ್ಲ ಕಣ್ರಿ.”

“ಸಾರ್, ನೀವಾದ್ರೂ ಹೇಳ್ರಿ,” ಎಂದು ಅವನು ಮುತ್ತುರಾಜ್‌ನ ಕಡೆ ತಿರುಗಿದ. ಗಾಜುಗಳ ಹಿಂದೆ ಅವನ ಕಣ್ಣುಗಳು ದೊಡ್ಡದಾಗಿ, ಸ್ಪಷ್ಟವಾಗಿ, ಏನನ್ನೂ ಬಚ್ಚಿಡಲಾರದೆ ತೇಲುತ್ತಿದ್ದವು. “ಸ್ವಲ್ಪನಾದ್ರೂ ಐತೆ ಅನ್ರಿ. ಕಣ್ಣಾದ್ರೆ ಕಣ್ಣು. ಕಣ್ಣು ಹೋದ್ರೂ ಸಹಿಸ್ಕಂತೀನಿ.”

ಮಾಲಾ ಗೋಡೆಯ ಕಡೆ ಮುಖ ಮಾಡಿ ನಿಂತಳು. ಮುತ್ತುರಾಜ್ ತಲೆಯಾಡಿಸಿದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ತಲೆ ಕೆಳಕ್ಕೊಮ್ಮೆ, ಮೇಲಕ್ಕೊಮ್ಮೆ. ಕುತ್ತಿಗೆಯ ನರ ಅದಕ್ಕೆ ಸಿದ್ಧವಾದದ್ದೂ ಅವನ ಅರಿವಿಗೆ ಬಂತು. ಆದರೆ ಹನ್ನೊಂದು ವರ್ಷ ಈ ಒಂದೂವರೆ ಅಡಿ ದೂರದಲ್ಲಿ ನಿಂತು ಜನರ ಕಣ್ಣುಗಳನ್ನು ನೋಡಿದ್ದ ಅವನು, ಒಬ್ಬನಿಗೂ ಇಲ್ಲದ್ದನ್ನು ಇದೆ ಎಂದಿರಲಿಲ್ಲ. ಅದೇನೂ ಸದ್ಗುಣವಲ್ಲ, ಕೈಗೆ ಹತ್ತಿದ ರೂಢಿ. ಆ ರೂಢಿಯೇ ಅವನನ್ನು ಈಗ ತಡೆಯಿತು, ಅವನ ಮನಸ್ಸಲ್ಲ. ಮನಸ್ಸು ಕೊನೆಯ ಕ್ಷಣದವರೆಗೂ ಸುಳ್ಳಿನ ಪಕ್ಕದಲ್ಲೇ ಕೂತಿತ್ತು.

“ಕಣ್ಣು ಸರಿಯಾಗಿದೆ,” ಎಂದ. ತನ್ನ ಪೂರ್ತಿ ಧ್ವನಿಯಲ್ಲಿ. “ತಲೆಯೂ ಸರಿಯಾಗಿದೆ. ಆ ತೂಬಿಗೆ ಎರಡು ಕೈ ಬೇಕು, ಗೋಣೆಪ್ಪನವರೆ. ಒಂದೇ ಕೈಯಲ್ಲಿ ಬರುವುದಿಲ್ಲ.”

ಭವನದ ಸದ್ದು ಹಾಗೆಯೇ ಇತ್ತು. ಯಾರೋ ಮಗುವನ್ನು ಗದರುತ್ತಿದ್ದರು. ಗೋಣೆಪ್ಪ ಒಂದು ಕೈಯಿಂದ ಚೌಕಟ್ಟನ್ನು ಮೂಗಿನಿಂದ ತೆಗೆದು ಮೇಜಿನ ಮೇಲಿಟ್ಟ.

“ಈ ಧ್ವನಿ,” ಎಂದ. ಆಮೇಲೆ, “ನೀವಾ?”

“ನಾನೇ.”

“ಒಂದೇ ಕೈ ಸಾಕು ಅಂತ ಬರೆದಿದ್ರಿ.”

“ಎರಡು ಕೈಯಲ್ಲಿ ಆಡಿದ್ದೆ. ನೆನಪಿರಲಿಲ್ಲ. ನೋಡದೆ ಬರೆದೆ.”

“ನಂಗೆ ಬರ್ತಿಲ್ಲ ಅಂದಾಗ್ಲಾದ್ರೂ ಗೊತ್ತಾಗಿತ್ತಾ?”

“ಅವತ್ತೇ ಗೊತ್ತಾಯ್ತು.”

“ಮೂರು ವಾರ ರೀ,” ಎಂದ ಗೋಣೆಪ್ಪ. ಧ್ವನಿ ಏರಲಿಲ್ಲ, ಅದೇ ಭಯಂಕರವಾಗಿತ್ತು. “ಮೂರು ವಾರ ಮನ್ಯಾಗೆ ಯಾರ ಮುಖಾನೂ ನೋಡಿಲ್ಲ ನಾನು. ಚಾ ಲೋಟ ತಗಳಾಕೂ ಅಂಜ್ತಿದ್ದೆ, ಅದನ್ನೂ ಎಲ್ಲಿ ತಪ್ಪಿಸ್ತೀನೋ ಅಂತ. ಹುಲಿಗೆಮ್ಮ ಗಂಟೆಗೊಂದ್ಸಲ ಬಂದು ಇವತ್ತು ಯಾವ ವಾರ ಅಂತ ಕೇಳೋಳು, ನಂಗೆ ಗೊತ್ತೈತಾ ಇಲ್ಲಾ ನೋಡಾಕೆ. ಹೇಳಾಕೆ ಏನಾಗಿತ್ತು ನಿಮ್ಗೆ?”

“ಬಿಡಿಸಿ ಹೇಳಬಾರದು ಅಂತ ಚಾನೆಲಿನ ನಿಯಮ...”

“ಯಾರು ಮಾಡಿದ್ದು ನಿಯಮ?”

ಶಾಂತಾದೇವಿ ಅವನನ್ನೂ ಗೋಣೆಪ್ಪನನ್ನೂ ನೋಡಿ, ಟ್ರೇಯ ಮೇಲೆ ಬಟ್ಟೆ ಎಳೆದರು.

“ಮಾಲಾ, ನನ್ನ ಫೋನ್ ಕೊಡು ಇವ್ರಿಗೆ. ಆಟ ಹಚ್ಚಿ ಕೊಡು.” ಗೋಣೆಪ್ಪ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದ. “ಕುಂದ್ರಿ ಸಾರ್. ಎಡಗೈ ತೊಡೆ ಕೆಳಗೆ ಇಟ್ಕಳ್ರಿ. ಹಾಂ. ಅದರ ಮ್ಯಾಲೆ ಕುಂದ್ರಿ. ಈಗ ತಗೀರಿ ತೂಬು.”

ಮುತ್ತುರಾಜ್ ಕೂತ. ಮೊದಲ ಸಲ ಹೆಬ್ಬೆರಳು ಜಾರಿತು. ಎರಡನೆಯ ಸಲ ಫೋನನ್ನು ಮೊಣಕಾಲಿಗೆ ಆನಿಸಿ ಹಿಡಿದ. ಹಲಗೆ ಅಲುಗಿತು, ಬಿತ್ತು. ಸಾಲಿನಲ್ಲಿದ್ದವರು ಕುತ್ತಿಗೆ ಉದ್ದ ಮಾಡಿದರು. “ಏ, ಕಣ್ ನೋಡೋರೇ ಆಟಕ್ಕೆ ಕುಂತ್ರಲ್ಲಪ್ಪ!” ಎಂದ ಒಬ್ಬ ಮುದುಕ. “ನಮ್ಮ ಪಾಳಿ ಯಾವಾಗಂತೆ?” ಎಂದಳೊಬ್ಬಳು. ಐದು. ಆರು. ಬೆವರು ಹುಬ್ಬಿನಿಂದ ಪರದೆಗೆ ಬಿದ್ದು, ಆ ಹನಿಯಡಿ ಒಣ ಕಾಲುವೆ ಉಬ್ಬಿ ಕಂಡಿತು. ಗಲ್ಲವನ್ನೂ ತಂದ, ಗಲ್ಲ ತಂದಾಗ ಇಡೀ ಸಾಲು ನಕ್ಕಿತು. ಆ ನಗು ಅವನಿಗೆ ಹೊಸದಲ್ಲ. ಆದರೆ ಅವನು ತಲೆಯೆತ್ತಿದಾಗ ಗೋಣೆಪ್ಪ ನಗುತ್ತಿರಲಿಲ್ಲ, ಪರದೆಯನ್ನೂ ನೋಡುತ್ತಿರಲಿಲ್ಲ. ಮುತ್ತುರಾಜ್‌ನ ಮುಖವನ್ನು, ಬಾಯಾರಿದವನು ನೀರು ನೋಡುವ ಹಾಗೆ, ನೋಡುತ್ತಿದ್ದ.

“ನಿಮ್ಗೆ ತಲೆ ಸರಿ ಐತಲ್ಲ?”

“ಇದೆ.”

“ಓದಿದೋರು.”

“ಹೂಂ.”

“ಆದ್ರೂ ಬರ್ತಿಲ್ಲ.”

“ಬರುತ್ತಿಲ್ಲ.”

“ಇನ್ನೊಂದ್ ಸಲ ತಗೀರಿ,” ಎಂದ ಗೋಣೆಪ್ಪ, ಬಹಳ ಮೆತ್ತಗೆ. ಮುತ್ತುರಾಜ್ ಎತ್ತಿದ. ಹಲಗೆ ಬಿತ್ತು. ಗೋಣೆಪ್ಪ ಕಣ್ಣು ಮುಚ್ಚಿ ಆ ಬೀಳುವ ಸದ್ದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಣ್ಣು ತೆರೆದ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಮಗಳ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಬಾಗಿಲಿಗೆ ನಡೆದ. ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ; ಅದನ್ನು ಮುಚ್ಚಿಡುವ ಪ್ರಯತ್ನವಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಯಾರಿಗೋ ಕೂಗಿ ಮಾತಾಡತೊಡಗಿದ. ಭವನದ ಗಾಜುಗಳೆಲ್ಲ ಅದುರಿದಂತಾಯಿತು. “ಏ, ನಾಳೆ ಆರಕ್ಕೆ ಮೂರೂ ಜನ ಬರ್ರಿ! ನಾ ಬರೋ ತನಕ ಒಬ್ಬನೂ ಮೆಷಿನ್ ಹತ್ತಬಾರ್ದು, ಹೇಳಿದ್ದೀನಿ!”

“ನಲವತ್ತೆರಡು!” ಎಂದರು ಶಾಂತಾದೇವಿ, ಮುತ್ತುರಾಜ್‌ನ ಕಡೆ ನೋಡದೆ.

ಮಾಲಾ ಮೇಜಿನ ಬಳಿಯೇ ನಿಂತಿದ್ದಳು. ಬಾಗಿಲ ಕಡೆ ಒಮ್ಮೆ ನೋಡಿ, ಅಪ್ಪನಿಗೆ ಕೇಳದಂತೆ ಕೇಳಿದಳು: “ಆ ಪಟ್ಟಿಯಾಗೆ ಇನ್ನ ಇಪ್ಪತ್ತೈದು ಆಟ ಅದಾವಲ್ಲ ಸಾರ್. ಅವನ್ನೂ ಹಿಂಗೇ ಬರೆದಿದ್ದಾ?”

ಅವನು ಹೌದೆಂದ.

“ಅಪ್ಪ ಮುಂದಿಂದು ಆಗ್ಲೇ ಹಾಕಿಸ್ಕಂಡೈತೆ. ಇವತ್ತು ಮನಿಗೆ ಹೋಗಿ ಶುರು ಮಾಡ್ತೈತೆ.”

ಮುತ್ತುರಾಜ್ ಗೋಣೆಪ್ಪನ ಫೋನನ್ನು ಅವಳ ಕಡೆ ಚಾಚಿದವನು ಹಿಂದಕ್ಕೆ ಎಳೆದುಕೊಂಡ. “ಯಾವುದು, ತೋರಿಸು,” ಎಂದ. ಅವಳು ಬಾಗಿ ಬೆರಳಿಟ್ಟು ತೋರಿಸಿದಳು. ನಲವತ್ತೆರಡನೆಯವಳು ಬಂದು, ಕುರ್ಚಿ ಖಾಲಿಯಿಲ್ಲದ್ದನ್ನು ಕಂಡು, ಸೆರಗು ಹೊದ್ದುಕೊಂಡು ಅಲ್ಲೇ ನಿಂತಳು. ತೊಡೆಯ ಕೆಳಗೆ ಎಡಗೈ ಜುಮುಗುಟ್ಟುತ್ತಿತ್ತು. ಅವನು ಅದನ್ನು ತೆಗೆಯಲಿಲ್ಲ. ಎರಡನೆಯ ಆಟವನ್ನು ತೆರೆದು, ಹೆಬ್ಬೆರಳನ್ನು ಪರದೆಯ ಮೇಲಿಟ್ಟ.